ವಾಪಸ್ ಮಾಲು

ಪುಣೆಯಿಂದ ಲೋಣಾವಳ ಕಡೆಗೆ ಹೋಗುವ ಲೋಕಲ್ ರೈಲು ಆಕುರ್ಡಿ ದಾಟಿದ ಮೇಲೆ ನಿಲ್ಲುವುದು ದೇಹೂ ರೋಡಿನಲ್ಲಿ. ತುಕಾರಾಮ ಮಹಾರಾಜರ ದೇಹೂ ಅಲ್ಲಿಂದ ಇನ್ನೂ ಕೆಲವು ಕಿಲೋಮೀಟರ್ ಆಚೆ, ಇಂದ್ರಾಯಣಿ ದಂಡೆಯ ಮೇಲಿದೆ. ವಾರಕರಿಗಳು ಇಳಿದು ಆ ಕಡೆ ಹೊರಟ ಮೇಲೆ ಸ್ಟೇಷನ್ನಿನಲ್ಲಿ ಉಳಿಯುವವರು ಡಿಪೋದವರು, ಆರ್ಡನನ್ಸ್ ಫ್ಯಾಕ್ಟರಿಯವರು, ದಂಡಿನವರು, ಮತ್ತು ಇವರೆಲ್ಲರ ಅಂಚಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರು. ತಮಿಳರು, ತೆಲುಗರು, ಮರಾಠವಾಡದವರು, ಕಲಬುರಗಿ-ವಿಜಯಪುರ ಕಡೆಯ ಕನ್ನಡದವರು ಒಂದೇ ಚಾಳಿನಲ್ಲಿ ಒಂದೇ ನಲ್ಲಿಗೆ ಕೊಡ ಹಚ್ಚುತ್ತಿದ್ದೆವು. ಅಪ್ಪ ಅಫಜಲಪುರ ತಾಲೂಕಿನವ. 1972ರ ಬರದಲ್ಲಿ ಊರು ಬಿಟ್ಟು ಬಂದವನು ಮತ್ತೆ ತಿರುಗಿ ಹೋಗಲಿಲ್ಲ. ಹಮಾಲಿ ಮಾಡಿದ, ಲಾರಿಗೆ ಮೂಟೆ ಹೇರಿದ. ದೇಹೂ ರೋಡಿನ ಎಂ.ಬಿ. ಕ್ಯಾಂಪಿನ ಒಂದೇ ಕೋಣೆಯ ಮನೆಯಲ್ಲಿ ನಾವು ಮೂರು ಮಕ್ಕಳು ಬೆಳೆದೆವು.

ಆ ಕೋಣೆಯ ಅರ್ಧ ಜಾಗ ಅವ್ವನ ಗಂಟುಗಳದು. ಪಿಂಪ್ರಿ ಕ್ಯಾಂಪ್ ಎಂದರೆ ದೇಶವಿಭಜನೆಯ ಕಾಲಕ್ಕೆ ಸಿಂಧಿ ನಿರಾಶ್ರಿತರು ಬಂದು ನೆಲೆಸಿದ ಜಾಗ. ಅಲ್ಲಿನ ಬಟ್ಟೆ ಪೇಟೆ ಸುತ್ತಲಿನ ಊರುಗಳಿಗೆಲ್ಲ ದೊಡ್ಡದು. ಆ ಪೇಟೆಯಿಂದ ಸ್ಕೂಟರಿನ ಮೇಲೆ ಒಬ್ಬ ಮನುಷ್ಯ ಬರುತ್ತಿದ್ದ, ಚಾಳಿನ ಏಳೆಂಟು ಹೆಂಗಸರಿಗೆ ಗಂಟು ಇಳಿಸಿ ಹೋಗುತ್ತಿದ್ದ. ಬೇಸಿಗೆಯಲ್ಲಿ ಶಾಲೆಯ ಯೂನಿಫಾರ್ಮ್ ಅಂಗಿಗಳು, ದೀಪಾವಳಿಯ ಮುಂದೆ ಸಣ್ಣ ಹುಡುಗಿಯರ ಫ್ರಾಕು, ಉಳಿದ ದಿನ ಲಂಗ. ಮಷಿನ್ ಹೊಲಿಗೆ ಬೇರೆಲ್ಲೋ ಆಗಿರುತ್ತಿತ್ತು. ಅವ್ವನ ಪಾಲಿಗೆ ಬರುತ್ತಿದ್ದುದು ಕೈಯ ಕೆಲಸ: ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಹೆಮ್ಮಿಂಗ್ ಹಾಕುವುದು, ಉಳಿದ ದಾರ ಕತ್ತರಿಸುವುದು. ಕೂಲಿ ಡಜನ್ ಲೆಕ್ಕ. ಸೂಜಿ ನಮ್ಮದು, ದೀಪದ ಬಿಲ್ಲು ನಮ್ಮದು, ಕಣ್ಣು ನಮ್ಮದು. ದಾರ ಅವರು ಕೊಡುತ್ತಿದ್ದರು. ಹೆಚ್ಚು ಖರ್ಚಾದರೆ ಕೂಲಿಯಲ್ಲಿ ಹಿಡಿಯುತ್ತಿದ್ದರು.

ಶಾಲೆಯಿಂದ ಬಂದವಳೇ ನಾನು ದಾರ ಕತ್ತರಿಸಲು ಕೂಡುತ್ತಿದ್ದೆ. ತಮ್ಮ ಗುಂಡಿ ಎಣಿಸಿ ನಾಲ್ಕು ನಾಲ್ಕರ ಗುಂಪು ಮಾಡುತ್ತಿದ್ದ. ನಮ್ಮನ್ನು ಯಾರೂ ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲ. ಆದರೆ ಡಜನ್ ಲೆಕ್ಕದ ಕೂಲಿ ಮನೆಯ ಎಲ್ಲ ಕೈಗಳನ್ನೂ ಎಳೆದುಕೊಳ್ಳುತ್ತದೆ. ದೊಡ್ಡ ಕಂಪನಿಗಳು ತಮ್ಮ ಬಟ್ಟೆಗೆ ಮಕ್ಕಳ ಕೈ ತಾಗಿಲ್ಲ ಎಂದು ಪ್ರಕಟಿಸುವುದನ್ನು ಓದಿದಾಗ ನನಗೆ ಆ ಗುಂಡಿಯ ಗುಂಪುಗಳು ಕಣ್ಣ ಮುಂದೆ ಬರುತ್ತವೆ. ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡಿದವರಿಗೆ ಅವು ಕಾಣುವಂತಿರಲಿಲ್ಲ.

ಗಂಟು ಒಯ್ದ ಎರಡು ಮೂರು ದಿನಕ್ಕೆ ವಾಪಸ್ ಮಾಲು ಬರುತ್ತಿತ್ತು. ಕಾಜಾ ಒಂದು ನೂಲು ಓರೆಯಾಗಿದೆ, ಗುಂಡಿಯ ಕೆಳಗಿನ ದಾರ ಸಡಿಲವಾಗಿದೆ, ಹೆಮ್ಮಿಂಗ್ ಮೇಲೆ ಕಾಣುತ್ತದೆ ಎಂದು ಹತ್ತಿಪ್ಪತ್ತು ಅಂಗಿ ಬೇರೆ ಗಂಟು ಕಟ್ಟಿ ಎಸೆದು ಹೋಗುತ್ತಿದ್ದ. ಅದನ್ನು ಬಿಚ್ಚಿ ಮತ್ತೆ ಹಚ್ಚಬೇಕು. ಆ ದುಡಿಮೆಗೆ ಬಿಡಿಗಾಸೂ ಇಲ್ಲ. ಕಲೆ ಬಿದ್ದಿದ್ದರೆ ಬಟ್ಟೆಯ ಬೆಲೆಯೇ ಕೂಲಿಯಲ್ಲಿ ಕಡಿತ. ಅವ್ವನಿಗೆ ಕೂಲಿ ಕಡಿಮೆ ಎಂಬುದಕ್ಕಿಂತ ಇದು ಹೆಚ್ಚು ಚುಚ್ಚುತ್ತಿತ್ತು. ಚಾಳಿನ ಎಲ್ಲರ ಎದುರು ಅವಳ ಕೈಕೆಲಸವನ್ನು ಹೊಸ್ತಿಲಲ್ಲಿ ಎಸೆದು ಹೋಗುವುದು. ಒಂದು ಸಲ ಆಕೆ ಆತನನ್ನು ಕೇಳಿಯೇಬಿಟ್ಟಳು, "ನೀವೇ ಲಡ್ಡು ನೂಲು ಕೊಟ್ಟೀರಿ, ಇದರಾಗ ನಂದೇನು ತಪ್ಪದ?" ಆತ ಹಿಂದಿಯಲ್ಲಿ ಕೊಟ್ಟ ಉತ್ತರ ನನಗಿನ್ನೂ ನೆನಪಿದೆ: ನಾನೇನು ನಿನ್ನ ಶೇಠನೇ? ನಾನು ತಂದುಕೊಡುವವನು. ಬೇಡವಾದರೆ ಬಿಡು, ನೀನೇನು ನನ್ನ ನೌಕರಳಲ್ಲ.

ಹಾಗಾದರೆ ಶೇಠ ಯಾರು? ಆ ಮನುಷ್ಯನ ಹಿಂದೆ ಒಬ್ಬ ಗುತ್ತೇದಾರ, ಅವನ ಹಿಂದೆ ಒಂದು ಹೊಲಿಗೆಯ ಶೆಡ್ಡು, ಅದರ ಹಿಂದೆ ಒಂದು ಅಂಗಡಿ. ಕೆಲವು ಗಂಟುಗಳಲ್ಲಿ ಕಾಲರಿನ ಒಳಗೆ ಇಂಗ್ಲಿಷ್ ಹೆಸರಿನ ಪಟ್ಟಿ ಹೊಲಿದ ಅಂಗಿಗಳಿರುತ್ತಿದ್ದವು, ಅವು ಯಾವ ಊರಿಗೆ ಹೋಗುತ್ತಿದ್ದವೋ ಯಾರೂ ನಮಗೆ ಹೇಳಲಿಲ್ಲ.

ಸೋಲಾಪುರದಲ್ಲಿ ನಮ್ಮ ದೊಡ್ಡವ್ವ ಇದ್ದಳು, ಅವ್ವನ ಅಕ್ಕ. ಬೀಡಿ ಕಟ್ಟುತ್ತಿದ್ದಳು. ರಜೆಯಲ್ಲಿ ಹೋದಾಗ ಅವಳ ಮನೆಯೂ ನಮ್ಮ ಮನೆಯಂತೆಯೇ ಅನಿಸುತ್ತಿತ್ತು. ಮೊರದ ತುಂಬ ಎಲೆ, ತಂಬಾಕಿನ ಘಾಟು, ಬಗ್ಗಿದ ಬೆನ್ನು, ಮುಗಿಯದ ಕೆಮ್ಮು, ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ. ಅಲ್ಲಿಯೂ ಕೈಯಲ್ಲಿ ಕಟ್ಟಿದ್ದನ್ನು ಆರಿಸಿ ಒಂದಷ್ಟನ್ನು ತಿರಸ್ಕರಿಸುತ್ತಿದ್ದರು. ಆದರೆ ದೊಡ್ಡವ್ವನ ಬಳಿ ಅವ್ವನ ಬಳಿ ಇಲ್ಲದ ಎರಡು ವಸ್ತುಗಳಿದ್ದವು. ಒಂದು ಅವಳ ಫೋಟೊ ಅಂಟಿಸಿದ ಗುರುತಿನ ಚೀಟಿ, ಇನ್ನೊಂದು ಎಷ್ಟು ಎಲೆ ಒಯ್ದಳು, ಎಷ್ಟು ಬೀಡಿ ಕೊಟ್ಟಳು ಎಂದು ಬರೆಯುವ ಪುಸ್ತಕ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಡುತ್ತಿದ್ದಳು. ಪ್ರಾವಿಡೆಂಟ್ ಫಂಡು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಡಿಪೋದ ನೌಕರರ ಬಾಯಲ್ಲಲ್ಲ, ಅಕ್ಷರ ಬಾರದ ದೊಡ್ಡವ್ವನ ಬಾಯಲ್ಲಿ.

ಇದು ಮೇಲಿನಿಂದ ಉದುರಿದ್ದಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಮನೆಯಲ್ಲಿ ಕೂತು ಕಟ್ಟುವವಳನ್ನೂ ಅದು ಕಾರ್ಮಿಕಳೆಂದು ಒಪ್ಪಿತು. ಅಷ್ಟೇ ಅಲ್ಲ, ಅದರ 39ನೇ ಕಲಮು ತಿರಸ್ಕರಿಸಿದ ಬೀಡಿಯ ಬಗ್ಗೆಯೇ ಮಾತಾಡುತ್ತಿತ್ತು. ಕಚ್ಚಾ ಮಾಲು ಕೊಡುವುದು, ಬೀಡಿ ತಿರಸ್ಕರಿಸುವುದು, ತಿರಸ್ಕರಿಸಿದ್ದರ ಕೂಲಿ, ಇವುಗಳ ಬಗ್ಗೆ ತಕರಾರು ಬಂದರೆ ಸರ್ಕಾರ ನೇಮಿಸಿದ ಅಧಿಕಾರಿ ಇತ್ಯರ್ಥ ಮಾಡಬೇಕು ಎನ್ನುತ್ತಿತ್ತು. ಮಾಲೀಕರು ಸುಮ್ಮನಿರಲಿಲ್ಲ. ಮಂಗಳೂರು ಗಣೇಶ ಬೀಡಿಯವರು ಈ ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕೆಂದು ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ 1985ರಲ್ಲಿ ಹೇಳಿತು. ಮುಂದೆ ಸೋಲಾಪುರದ ಬೀಡಿ ಹೆಂಗಸರು ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿ ಕುಂಭಾರಿಯಲ್ಲಿ 10,000 ಮನೆಗಳ ಕಾಲೊನಿ ಕಟ್ಟಿಸಿಕೊಂಡರು. ಕಾಮ್ರೇಡ್ ಗೋದಾವರಿ ಪರುಳೇಕರ್ ಹೆಸರಿನ ಆ ವಸತಿಯನ್ನು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಉದ್ಘಾಟಿಸಿದರು. ದೊಡ್ಡವ್ವನಿಗೂ ಅಲ್ಲೊಂದು ಮನೆ ಬಂತು. ಗೃಹಪ್ರವೇಶಕ್ಕೆ ಹೋದ ಅವ್ವ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಇಬ್ಬರೂ ಹೆಚ್ಚು ಕಡಿಮೆ ಅಷ್ಟೇ ವರ್ಷ ದುಡಿದಿದ್ದರು. ಅವ್ವನಿಗೆ ಉಳಿದದ್ದು ಮಂಜಾದ ಕಣ್ಣು ಮಾತ್ರ.

ನಾನು ಪಿಯುಸಿ ಮುಗಿಸಿ, ಮದುವೆಯಾಗಿ ಬೆಂಗಳೂರಿಗೆ ಹೋದೆ. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹಾಜರಿ, ಓಟಿ, ಪಿಎಫ್, ಇಎಸ್‌ಐ ಬರೆಯುವ ಮೇಜು. ಅಲ್ಲಿ ನಾನು ಕಂಡದ್ದು ಅವ್ವನ ಗಂಟಿನದೇ ದೊಡ್ಡ ರೂಪ. ಪ್ರತಿ ಬಂಡಲಿಗೂ ನಂಬರಿನ ಚೀಟಿ. ಯಾವ ದಿನ, ಯಾವ ಲೈನು, ಯಾವ ಟೇಲರಮ್ಮ ತೋಳು ಕೂಡಿಸಿದಳು, ಯಾರು ಕಾಲರ್ ಹಚ್ಚಿದರು ಎಲ್ಲವೂ ದಾಖಲು. ಸಮುದ್ರದಾಚೆಯ ಗೋದಾಮಿನಲ್ಲಿ ಒಂದು ಹೊಲಿಗೆ ಬಿಟ್ಟಿದ್ದು ಕಂಡರೆ ಆ ದೂರು ಖರೀದಿದಾರರ ಕಚೇರಿ, ನಮ್ಮ ಕಂಪನಿ, ಫ್ಲೋರ್ ಇನ್‌ಚಾರ್ಜ್, ಸೂಪರ್‌ವೈಸರ್ ಎಲ್ಲರನ್ನೂ ದಾಟಿ ಮಾಗಡಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹೆಣ್ಣುಮಗಳ ಮಷಿನ್ನಿಗೆ ಬಂದು ಮುಟ್ಟುತ್ತಿತ್ತು. ಬೈಗುಳಕ್ಕೆ ವಿಳಾಸ ತಪ್ಪುತ್ತಲೇ ಇರಲಿಲ್ಲ. ಅದೇ ಹೆಣ್ಣುಮಗಳು ಓಟಿಯ ದುಡ್ಡು ಬಂದಿಲ್ಲ ಎಂದು ಕೇಳಿದರೆ ಆ ಮಾತು ಸೂಪರ್‌ವೈಸರ್ ಮೇಜಿನಿಂದ ಆಚೆ ಹೋಗುತ್ತಿರಲಿಲ್ಲ. ಮಾಲು ಮೇಲೆ ಹೋಗುವ ದಾರಿಯಿದೆ, ದೂರು ಕೆಳಗೆ ಬರುವ ದಾರಿಯಿದೆ, ಕೂಲಿಯ ಪ್ರಶ್ನೆ ಮೇಲೆ ಹತ್ತುವ ದಾರಿಯನ್ನು ಮಾತ್ರ ಯಾರೂ ಕಟ್ಟಿಲ್ಲ.

2016ರ ಏಪ್ರಿಲ್ 18ರಂದು ಹೆಂಗಸರೇ ಆ ದಾರಿ ಕಟ್ಟಿದರು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಪಿಎಫ್ ಹಣ 58 ವರ್ಷ ತುಂಬುವ ತನಕ ಕೈಗೆ ಬರುವುದಿಲ್ಲ ಎಂಬ ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಹೊರಡಿಸಿತ್ತು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳಿಂದ ಸಾವಿರಾರು ಹೆಂಗಸರು ಹೊರಬಂದು ಹೊಸೂರು ರಸ್ತೆಯಲ್ಲಿ ಕೂತರು. ಯಾವ ದೊಡ್ಡ ಸಂಘದ ಕರೆಯೂ ಇರಲಿಲ್ಲ. ಮರುದಿನ ನಗರದ ಬೇರೆ ದಿಕ್ಕುಗಳಲ್ಲೂ ರಸ್ತೆ ತುಂಬಿತು. ಲಾಠಿ ಬಿತ್ತು, ಹೆಬ್ಬಗೋಡಿಯಲ್ಲಿ ಬೆಂಕಿ ಹತ್ತಿತು. ಅದೇ ದಿನ, 19ರಂದು, ಸರ್ಕಾರ ಅಧಿಸೂಚನೆಯನ್ನು ಹಿಂದೆಗೆದುಕೊಂಡಿತು. ಹೊರಗೆ ಹೊರಟವರು ನನ್ನ ಕಿಟಕಿಯ ಮುಂದೆ ಹಾದು ಹೋದದ್ದನ್ನು ನಾನು ನೋಡಿದ್ದೇನೆ. ಮಗಳ ಮದುವೆಗೆ, ಮನೆಯ ಲೀಸಿಗೆ, ಗಂಡನ ಆಸ್ಪತ್ರೆಗೆ ಎಂದು ಪಿಎಫ್ ಫಾರಂ ತುಂಬಿಸಿಕೊಳ್ಳಲು ಬರುತ್ತಿದ್ದವರೇ ಅವರು. ಅವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಅದರ ಜತೆಗೇ ಇನ್ನೊಂದು ಮಾತು ಹೊಳೆಯಿತು: ಅವರ ಹೆಸರಿನ ಮುಂದೆ ಒಂದು ಪಿಎಫ್ ನಂಬರು ಇತ್ತು. ಕಿತ್ತುಕೊಂಡಾಗ ಕೇಳುವುದಕ್ಕಾದರೂ ಮೊದಲು ಏನೋ ಒಂದು ತಮ್ಮದೆಂದು ಬರೆದಿರಬೇಕು. ಅವ್ವನದು ಎಂದು ಎಲ್ಲಿಯೂ ಏನೂ ಬರೆದಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಒಂದು ಭಾನುವಾರ ಗಾರ್ಮೆಂಟ್ಸ್ ಹೆಂಗಸರಿಗಾಗಿ ನಡೆದ ಕಾನೂನು ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ವಕೀಲರು ಸಿಲ್ವರ್ ಜ್ಯುಬಿಲಿ ಟೇಲರಿಂಗ್ ಹೌಸ್ ಪ್ರಕರಣ ವಿವರಿಸಿದರು. ತೆಲಂಗಾಣ ಭಾಗದ ದರ್ಜಿ ಅಂಗಡಿಯೊಂದರಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಯುವವರಿದ್ದರು. ಬಂದರೆ ಬಂದರು, ಇಲ್ಲವಾದರೆ ಇಲ್ಲ. ಕೆಲವರು ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು. ಇವರು ನಮ್ಮ ನೌಕರರಲ್ಲ ಎಂದು ಮಾಲೀಕರು ವಾದಿಸಿದರು. 1973ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರ ತೀರ್ಪಿನಲ್ಲಿ, ಅವರು ನೌಕರರೇ ಎಂದಿತು. ಕೊಟ್ಟ ಕಾರಣಗಳಲ್ಲಿ ಒಂದನ್ನು ಕೇಳಿ ನಾನು ಕೂತಲ್ಲೇ ನೆಟ್ಟಗಾದೆ. ಹೊಲಿದದ್ದು ತಾನು ಹೇಳಿದಂತೆ ಇಲ್ಲವೆಂದು ತಿರಸ್ಕರಿಸಿ, ಮತ್ತೆ ಹೊಲಿ ಎಂದು ಹೇಳುವ ಅಧಿಕಾರ ಯಾರಿಗಿದೆಯೋ ಅವನ ಹತೋಟಿ ಆ ಕೆಲಸದ ಮೇಲಿದೆ; ಅದು ಮಾಲೀಕ ಎಂಬುದಕ್ಕೆ ಸಾಕ್ಷಿ.

ಸಂಜೆ ಅವ್ವನಿಗೆ ಫೋನು ಹಚ್ಚಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಆಕೆ ಅಂದಳು, "ಅಂದ್ರ ಆತ ಅಂಗಿ ವಾಪಸ್ ಒಗೆದಾಗೆಲ್ಲ, ನಾನೇ ನಿನ್ನ ಶೇಠ ಅಂತ ತಾನೇ ಒಪ್ಪಿಕೊಂಡಂಗಾತು." ಮೂವತ್ತು ವರ್ಷ ತನ್ನ ಕೈಗೆ ಬಂದ ಅವಮಾನ ಎಂದುಕೊಂಡದ್ದು ತನ್ನ ಹಕ್ಕಿನ ದಾಖಲೆಯಾಗಿತ್ತು ಎಂದು ತಿಳಿದಾಗ ಅವಳಿಗೆ ಸಂತೋಷಕ್ಕಿಂತ ಸಿಟ್ಟು ಬಂದಿತ್ತು. ನನಗೂ.

ದೇಹೂ ರೋಡಿನವರಿಗೆ ಡಿಸೆಂಬರ್ 25 ದೊಡ್ಡ ದಿನ. 1954ರ ಆ ದಿನ ಬಾಬಾಸಾಹೇಬ ಅಂಬೇಡ್ಕರರು ರಂಗೂನಿನಿಂದ ತಂದ ಬುದ್ಧಮೂರ್ತಿಯನ್ನು ಇಲ್ಲಿನ ವಿಹಾರದಲ್ಲಿ ತಮ್ಮ ಕೈಯಾರೆ ಪ್ರತಿಷ್ಠಾಪಿಸಿದರು. ಪ್ರತಿವರ್ಷ ದೂರದೂರದಿಂದ ಬಿಳಿ ಬಟ್ಟೆಯ ಜನ ಬರುತ್ತಾರೆ. ನಾವು ಮಕ್ಕಳು ಬಂದವರಿಗೆ ನೀರು ಕೊಡುತ್ತಿದ್ದೆವು. ಆದರೆ ಅದೇ ಅಂಬೇಡ್ಕರರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ 1946ರಲ್ಲಿ ಕನಿಷ್ಠ ವೇತನ ಮಸೂದೆ ಮಂಡಿಸಿದ್ದರು, ಅದೇ 1948ರಲ್ಲಿ ಕಾಯ್ದೆಯಾಯಿತು, ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಇನ್ನೊಬ್ಬರು ಕೊಟ್ಟ ವಸ್ತುವನ್ನು ತನ್ನ ಮನೆಯಲ್ಲಿ ಕೂತು ಹೊಲಿದು, ಅಲಂಕರಿಸಿ, ಮುಗಿಸಿ ಕೊಡುವವರನ್ನೂ ನೌಕರರೆಂದು ಸೇರಿಸಲಾಗಿತ್ತು ಎಂಬುದನ್ನು ಆ ಚಾಳಿನಲ್ಲಿ ಯಾರೂ ನಮಗೆ ಹೇಳಲಿಲ್ಲ. ವಿಹಾರದಿಂದ ನಡೆದು ಹೋಗುವಷ್ಟು ದೂರದಲ್ಲಿ ಅವ್ವ ಕಾನೂನಿಗಿಂತ ಎಷ್ಟೋ ಕಡಿಮೆ ಕೂಲಿಗೆ ಗುಂಡಿ ಹಚ್ಚುತ್ತಿದ್ದಳು.

ಕಾನೂನಿದ್ದರೂ ಹಿಂದೆ ಬಿದ್ದು ಕೇಳದೆ ಅದು ಕೆಳಗಿಳಿಯುವುದಿಲ್ಲ. ಕರ್ನಾಟಕದ್ದೇ ಉದಾಹರಣೆ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ವೇತನಕ್ಕೆ ತಿಂಗಳಿಗೆ 417 ರೂಪಾಯಿಯಷ್ಟು ತುಟ್ಟಿಭತ್ಯೆ ಸೇರಬೇಕಿತ್ತು. ಕೊರೋನಾ ನೆಪದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘದವರು ಹೈಕೋರ್ಟಿಗೆ ಹೋದರು, ಬಾಕಿ ಸಮೇತ ಕೊಡಬೇಕೆಂಬ ಆದೇಶ ಅದೇ ಸೆಪ್ಟೆಂಬರಿನಲ್ಲಿ ಬಂತು. ಆದರೂ ಬಹಳಷ್ಟು ಕಾರ್ಖಾನೆಗಳು ವರ್ಷ ಕಳೆದರೂ ಕೊಡಲಿಲ್ಲ. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಇಲ್ಲಿ ಪಟ್ಟು ಹಿಡಿಯಿತು, ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಅಲ್ಲಿ ದೊಡ್ಡ ಬ್ರ್ಯಾಂಡುಗಳ ಹೆಸರು ಹಿಡಿದು ಕೇಳಿತು. ಆಮೇಲೆ ಬಾಕಿ ಬರತೊಡಗಿತು. ನಾನಾಗ ಕೆಲಸ ಬಿಟ್ಟು ಅವ್ವನನ್ನು ನೋಡಿಕೊಳ್ಳಲು ದೇಹೂ ರೋಡಿಗೆ ಮರಳಿದ್ದೆ. ಹಳೆಯ ಗೆಳತಿಯರು ಫೋನಿನಲ್ಲಿ, "ಅಕ್ಕಾ, ಬಾಕಿ ಬಿತ್ತು ಅಕೌಂಟಿಗೆ" ಎಂದು ಕೂಗಿ ಹೇಳಿದರು. ಕೊಳ್ಳುವವರ ಹೆಸರು ಗೊತ್ತಿದ್ದರೆ ಎಷ್ಟು ಬಲ ಎಂದು ಅವತ್ತು ನನಗೆ ಖಚಿತವಾಯಿತು. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತ ಮೇಲೆ, ಅಲ್ಲಿನ ಕಾರ್ಯಕರ್ತರು ಅವಶೇಷಗಳಲ್ಲಿ ಬಟ್ಟೆಯ ಪಟ್ಟಿಗಳನ್ನು ಹೆಕ್ಕಿದ್ದರು. ಅಲ್ಲಿ ಯಾವ ಯಾವ ಕಂಪನಿಯ ಬಟ್ಟೆ ತಯಾರಾಗುತ್ತಿತ್ತು ಎಂದು ತೋರಿಸಲು ಹೆಣಗಳ ನಡುವೆ ಸಾಕ್ಷಿ ಹುಡುಕಬೇಕಾಯಿತು.

ಜರ್ಮನಿಯಲ್ಲಿ 2023ರಿಂದ ಪೂರೈಕೆ ಸರಪಳಿಯ ಕಾಯ್ದೆ ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ತಮಗೆ ನೇರವಾಗಿ ಮಾಲು ಕೊಡುವವರನ್ನು ಕಡ್ಡಾಯವಾಗಿ ಪರಿಶೀಲಿಸಬೇಕು. ಅದಕ್ಕೂ ಕೆಳಗಿನವರ ವಿಷಯ ಗಟ್ಟಿ ಸುಳಿವು ಸಿಕ್ಕಾಗ ಮಾತ್ರ. ಒಳ್ಳೆಯ ಕಾಯ್ದೆ, ಆದರೆ ಅವ್ವ ಕೂತಿದ್ದ ಜಾಗ ನೇರ ಪೂರೈಕೆದಾರರಿಗಿಂತ ಮೂರು ಮೆಟ್ಟಿಲು ಕೆಳಗೆ. ಮನೆಯಲ್ಲೇ ಕೂತು ಇನ್ನೊಬ್ಬರ ಮಾಲು ಮಾಡಿಕೊಡುವ ದುಡಿಮೆಗಾರರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆ ಮಾಡಿತು. ಅದಕ್ಕಾಗಿ ಅಹಮದಾಬಾದಿನ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘಟನೆ, ಇಳಾ ಭಟ್ ಅವರ ನಾಯಕತ್ವದಲ್ಲಿ, ಬಹಳ ದುಡಿದಿತ್ತು. ಭಾರತ ಅದನ್ನು ಅನುಮೋದಿಸಿಲ್ಲ. ಈಗ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದು 1948ರ ಕಾಯ್ದೆ, ದೊಡ್ಡವ್ವನ 1966ರ ಕಾಯ್ದೆ ಎರಡೂ ಅವುಗಳಲ್ಲಿ ಸೇರಿಹೋಗಿವೆ. ಮನೆಯಾಧಾರಿತ ಕಾರ್ಮಿಕಳ ಹೆಸರು ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿದೆ, ಸರ್ಕಾರದ ಯೋಜನೆಗಳ ಫಲಾನುಭವಿಯಾಗಿ. ಯೋಜನೆ ಬರಲಿ, ಬೇಡವೆನ್ನುವುದಿಲ್ಲ. ಆದರೆ ದುಡಿಸಿಕೊಂಡವನು ಕೊಡಬೇಕಾದದ್ದನ್ನು ಅದು ತುಂಬಿಕೊಡಲಾರದು.

ದೇಹೂ ರೋಡಿನ ಸುತ್ತ ಈಗ ಎತ್ತರದ ಕಟ್ಟಡಗಳು ಬಂದಿವೆ. ಕಿವಳೆ, ಮಾಮುರ್ಡಿ ಕಡೆ ಗುರುತೇ ಹತ್ತುವುದಿಲ್ಲ. ಹಿಂದಿನ ಗಲ್ಲಿಗಳಲ್ಲಿ ಯಾದಗಿರಿ, ಸೇಡಂ ಕಡೆಯ ಹೊಸ ಕುಟುಂಬಗಳಿವೆ; ಗಂಡಸರು ಆ ಕಟ್ಟಡಗಳಲ್ಲಿ ಗಾರೆ ಕೆಲಸಕ್ಕೆ, ಹೆಂಗಸರು ಸಿಕ್ಕ ಕೆಲಸಕ್ಕೆ. 2023ರ ಡಿಸೆಂಬರ್ 8ರಂದು ಪಕ್ಕದ ತಳವಡೆಯಲ್ಲಿ ಹುಟ್ಟುಹಬ್ಬದ ಕೇಕಿಗೆ ಹಚ್ಚುವ ಕಿಡಿಯ ಮೇಣದಬತ್ತಿ ಮಾಡುವ ಶೆಡ್ಡಿಗೆ ಬೆಂಕಿ ಬಿದ್ದು ಹಲವು ಹೆಂಗಸರು ಸತ್ತರು. ಬಟ್ಟೆಯ ಕೆಲಸವಲ್ಲ ಅದು. ಆದರೆ ಸೀಜನ್ ಇದ್ದಾಗ ಗುಂಡಿ, ಇಲ್ಲದಾಗ ಮೇಣದಬತ್ತಿ, ಮತ್ತೊಮ್ಮೆ ಪ್ಯಾಕಿಂಗ್ ಎಂದು ತಿರುಗುವವರು ಇದೇ ಗಲ್ಲಿಗಳ ಹೆಂಗಸರು. ಆ ರಾತ್ರಿ ನಮ್ಮ ಚಾಳಿನಲ್ಲಿ ಒಬ್ಬೊಬ್ಬರೂ ತಮ್ಮವರು ಯಾವ ಶೆಡ್ಡಿಗೆ ಹೋಗುತ್ತಾರೆ ಎಂದು ಕೇಳಿಕೊಂಡು ಓಡಾಡಿದರು. ಎಷ್ಟೋ ಮನೆಗಳಲ್ಲಿ ಗಂಡನಿಗೂ ಆ ಹೆಸರು ಗೊತ್ತಿರಲಿಲ್ಲ.

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಸೇಡಂ ಕಡೆಯ ಹುಡುಗಿಯೊಬ್ಬಳಿದ್ದಾಳೆ, ಎರಡು ಮಕ್ಕಳ ತಾಯಿ. ಕುರ್ತಿಗಳಿಗೆ ಮಣಿ ಹಚ್ಚುತ್ತಾಳೆ. ಈಗ ಗಂಟು ಟೆಂಪೋದಲ್ಲಿ ಬರುತ್ತದೆ, ಕೂಲಿ ಫೋನಿನಲ್ಲಿ ಬರುತ್ತದೆ, ವಾಪಸ್ ಮಾಲು ಬರುವ ಮುಂಚೆ ಅದರ ಫೋಟೊ ವಾಟ್ಸ್ಯಾಪಿನಲ್ಲಿ ಬರುತ್ತದೆ. ತಪ್ಪಿದ ಮಣಿಗೆ ಕೆಂಪು ಸುತ್ತು ಹಾಕಿ, "ಇದು ಮತ್ತೆ ಮಾಡಿ, ನಾಳೆ ಬೆಳಿಗ್ಗೆ ಬೇಕು" ಎಂಬ ಆಜ್ಞೆ. ನಾಚಿಕೆಯಾಗಿ ಆಕೆ ಅವನ್ನು ಅಳಿಸಿಬಿಡುತ್ತಿದ್ದಳು. ಒಂದನ್ನೂ ಅಳಿಸಬೇಡ ಎಂದು ಹೇಳಿದೆ. ಫೋಟೊದಲ್ಲಿ ದಿನಾಂಕವಿದೆ, ಕಳಿಸಿದವನ ನಂಬರಿದೆ, ಮತ್ತೆ ಮಾಡು ಎಂಬ ಅಪ್ಪಣೆಯಿದೆ, ಮೂಲೆಯಲ್ಲಿ ಬ್ರ್ಯಾಂಡಿನ ಪಟ್ಟಿಯೂ ಕಾಣುತ್ತದೆ. ಈಗ ಗಲ್ಲಿಯ ಹನ್ನೊಂದು ಹೆಂಗಸರು ಸಂಜೆ ಹೊತ್ತು ನಮ್ಮ ಮನೆಗೆ ಬರುತ್ತಾರೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಒಯ್ದದ್ದೆಷ್ಟು, ಕೊಟ್ಟದ್ದೆಷ್ಟು, ವಾಪಸ್ ಬಂದದ್ದೆಷ್ಟು, ಬಂದ ದುಡ್ಡೆಷ್ಟು ಎಂದು ಅವರವರ ಹೆಸರಿನ ಮುಂದೆ ಬರೆಯುತ್ತೇವೆ. ಕಣ್ಣು ಕಾಣದ ಅವ್ವ ಪಕ್ಕದಲ್ಲಿ ಕೂತು, ತಿದ್ದಿ ಕೊಟ್ಟದ್ದಕ್ಕೂ ಕೂಲಿ ಬರಿ ಎಂದು ಪ್ರತಿ ಸಲ ಹೇಳುತ್ತಾಳೆ. ಪುಣೆಯ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ ಮರಾಠಿಯಲ್ಲಿ ಸಿದ್ಧವಾಗುತ್ತಿದೆ. ಪ್ರತಿ ಗಂಟಿನ ಜತೆ ಹೆಸರು, ಎಣಿಕೆ, ದರ ಬರೆದು ಸಹಿ ಮಾಡಿದ ಚೀಟಿ ಬೇಕು ಎಂಬುದು ಮೊದಲನೆಯ ಬೇಡಿಕೆ. ತಿದ್ದುವ ದುಡಿಮೆಗೂ ಕೂಲಿ ಎಂಬುದು ಎರಡನೆಯದು. ಅದನ್ನು ಅವ್ವನೇ ಸೇರಿಸಿದಳು.